2.68 ಲಕ್ಷ ಕಿ.ಮೀ. ಓಡಿದ 1.3 ಡೀಸೆಲ್: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕರ್‌ರ್ ಸದ್ದು, ಎಂಜಿನ್ ಇಳಿಸಲೇಬೇಕಾ?

ಹಾಸನ_ಹೈವೇ

ಎಲ್ಲರಿಗೂ ನಮಸ್ಕಾರ. 2013ರ ಮಾಡೆಲ್ ಸೆಡಾನ್, 1.3 ಲೀಟರ್ ಡೀಸೆಲ್, ಮೀಟರ್ 2,68,000 ದಾಟಿದೆ. ಕಂಪನಿ ಹೆಸರು ಹಾಕ್ತಿಲ್ಲ. ಇದೇ ಎಂಜಿನ್ ಮೂರು ನಾಲ್ಕು ಕಂಪನಿಯವರ ಗಾಡೀಲಿ ಬಂದಿದೆ, ಯಾವುದು ಅಂತ ಇಲ್ಲಿರೋರಿಗೆ ಹೇಳಬೇಕಿಲ್ಲ. ಶೋರೂಮಿಂದ ತಂದಾಗಿನಿಂದ ನನ್ನ ಹತ್ತಿರಾನೇ ಇದೆ, ಹಾಗಾಗಿ ಮೀಟರ್ ಮೇಲೆ ಅನುಮಾನ ಬೇಡ.

ಬೆಳಿಗ್ಗೆ ಮೊದಲ ಸೆಲ್ಫ್ ಹೊಡೆದು ಎಂಜಿನ್ ಹಿಡಿದ ಕೂಡಲೇ ಬಾನೆಟ್ ಒಳಗೆ ಡ್ರೈವರ್ ಕಡೆಯಿಂದ ‘ಕರ್‌ರ್’ ಅಂತ ಸದ್ದು. ಡಬ್ಬದಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ. ಎರಡು ಮೂರು ಸೆಕೆಂಡಲ್ಲಿ ಜೋರು ಇಳಿಯುತ್ತೆ, ಆದರೆ ಪೂರ್ತಿ ಹೋಗಲ್ಲ. ಐಡ್ಲಿಂಗಲ್ಲಿ ‘ಟರಟರ’ ಅಂತ ಒಂದು ಉಳ್ಕೊಂಡಿರುತ್ತೆ. 1500 ಆರ್‌ಪಿಎಂ ದಾಟಿದರೆ ಡೀಸೆಲ್ ಸದ್ದಲ್ಲೇ ಮುಳುಗಿಹೋಗುತ್ತೋ, ನಿಜವಾಗ್ಲೂ ನಿಲ್ಲುತ್ತೋ ಗೊತ್ತಾಗ್ತಿಲ್ಲ. ಎಂಜಿನ್ ಬಿಸಿಯಾದ ಮೇಲೂ ಈ ಟರಟರ ಇರುತ್ತೆ.

ಪಿಕಪ್ ಚೆನ್ನಾಗಿದೆ, ಹೊಗೆ ಇಲ್ಲ, ಮೈಲೇಜ್ ಮೊದಲಿನಷ್ಟೇ. ಆಯಿಲ್ ಲೈಟು, ಎಂಜಿನ್ ಲೈಟು ಎರಡೂ ಹತ್ತಿಲ್ಲ.

ಊರಲ್ಲಿ ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿ ಒಂಚೂರು ಕೇಳಿದವರೇ, ‘ಎಂಜಿನ್ ಕೆಲಸ ಬಂದಿದೆ ಸರ್, ಇಳಿಸಬೇಕು, 70 ಸಾವಿರದಿಂದ ಶುರು’ ಅಂದ್ರು. ಗಾಡಿಗೆ ಈಗ ಮಾರ್ಕೆಟ್ಟಲ್ಲಿ ಅದರ ಎರಡು ಪಟ್ಟೂ ಬರೋದು ಕಷ್ಟ. ಕೆಲಸಕ್ಕೆ ಆಗಾಗ ಶಿರಾಡಿ ಇಳಿದು ಮಂಗಳೂರಿಗೆ ಹೋಗಬೇಕು, ಘಾಟಿ ಮಧ್ಯೆ ಕೈಕೊಟ್ಟರೆ ಅಂತ ಹೆದರಿಕೆ. ಫೋನಲ್ಲಿ ರೆಕಾರ್ಡ್ ಮಾಡಿದ್ದು ಕೆಳಗೆ ಹಾಕಿದ್ದೀನಿ. ಕೇಳಿ ಹೇಳಿ.

ಹಳೇ_ಮಾಡೆಲ್

ಮಾರಿಬಿಡಿ ಗುರು. 2.68 ಲಕ್ಷ ಓಡಿದ ಡೀಸೆಲ್ಲಿಗೆ 70 ಸಾವಿರ ಸುರಿಯೋದು ದಂಡ. ಇವತ್ತು ಎಂಜಿನ್, ನಾಳೆ ಟರ್ಬೊ, ನಾಡಿದ್ದು ಕ್ಲಚ್. ಎಂಜಿನ್ ಬಿಸಿ ಇರುವಾಗ ಬ್ರೋಕರಿಗೆ ತೋರಿಸಿ, ಕೊಟ್ಟಷ್ಟು ತಗೊಂಡು ಕೈ ತೊಳ್ಕೊಳ್ಳಿ.

ಹುಬ್ಬಳ್ಳಿ_ಟ್ಯಾಕ್ಸಿ

ಟೈಮಿಂಗ್ ಚೈನ್ ಐತ್ರಿ ಅದು, ಅಂದ್ರ ವಾಲ್ವ್‌ಗಳನ್ನ ಪಿಸ್ಟನ್ ಜೋಡಿ ತಾಳಕ್ಕ ಕೂಡ್ಸೋ ಚೈನ್, ಬ್ಯಾರೆ ಏನೂ ಅಲ್ಲ. ನಂದೂ ಇದ ಎಂಜಿನ್, 4 ಲಕ್ಷ ದಾಟೇತಿ. ನಡುವ ಒಮ್ಮೆ ಚೈನ್ ಬದ್ಲಿ ಮಾಡ್ಸೀನಿ. ಮುಂಜಾನೆ ಸ್ಟಾರ್ಟ್ ಮಾಡಿದ ಕೂಡ್ಲೆ ಹಿಂಗ ಕರ್‌ರ್ ಅಂತಿತ್ತು, ಆಮ್ಯಾಲ ಸುಮ್ನಾಗ್ತಿತ್ತು. ಈ ಎಂಜಿನ್ನ್ಯಾಗ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಐತಿ. ಚೈನ್ ಅಂದ್ರ ಗಾಡಿ ಇರೂತನಕ ಬರ್ತೈತಿ ಅಂತ ಮಂದಿ ತಿಳ್ಕೊಂಡಾರ. ಅದೂ ಸವೀತೈತಿ, ಸವದಷ್ಟು ಉದ್ದ ಆಗ್ತೈತಿ. ಆ ಸಡ್ಲ ತಗೊಳ್ಳಾಕ ಒಂದ್ ಟೆನ್ಶನರ್ ಇರ್ತೈತಿ, ಅದು ಆಯಿಲ್ ಒತ್ತಡದ ಮ್ಯಾಲ ನಡೀತೈತಿ. ರಾತ್ರಿಯೆಲ್ಲಾ ನಿಂತಾಗ ಆಯಿಲ್ ಕೆಳಗ ಇಳದಿರ್ತೈತಿ. ಮುಂಜಾನೆ ಪಂಪ್ ಮ್ಯಾಲ ತರೂತನಕ ಚೈನ್ ಕವರಿಗೆ ಬಡೀತೈತಿ. ಇಷ್ಟ ಕಥಿ.

ಎಂಜಿನ್ ಇಳಸಾಕ ಹೋಗಬ್ಯಾಡ್ರಿ. ಇಳಸೋ ಕೆಲಸ ಅಲ್ಲ ಅದು.

ಪುತ್ತೂರು_ವರ್ಕ್‌ಶಾಪ್

ಹುಬ್ಬಳ್ಳಿಯವರು ಹೇಳಿದ್ದು ಸರಿ ಇರಬಹುದು, ಆದರೆ ಅರ್ಧಕ್ಕೆ ಮಾತ್ರ. ಹಾಸನದವರ ಬರಹ ಇನ್ನೊಮ್ಮೆ ಓದಿ ಮಾರಾಯ್ರೆ. ಅವರು ಹೇಳಿದ್ದು ಎರಡು ಸದ್ದು. ಒಂದು ತಣ್ಣಗಿರುವಾಗ ಬಂದು ಹೋಗುವ ಕರ್‌ರ್. ಇನ್ನೊಂದು ಬಿಸಿಯಾದ ಮೇಲೂ ಉಳಿಯುವ ಟರಟರ. ಎರಡಕ್ಕೂ ಒಂದೇ ಕಾರಣ ಅಂತ ಮೊದಲೇ ತೀರ್ಮಾನ ಮಾಡಿದರೆ ಮುಂದಿನ ಎಲ್ಲಾ ಲೆಕ್ಕ ತಪ್ಪುತ್ತದೆ. ಆಯಿಲ್ ಒತ್ತಡ ಬಂದ ಮೇಲೆ ಚೈನ್ ಸುಮ್ಮನಾಗಬೇಕು. ಆಮೇಲೂ ಬಡಿಯುತ್ತಾ ಇದ್ದರೆ ಚೈನ್ ಬಹಳ ಹೋಗಿದೆ ಅಂತ ಅರ್ಥ, ಅಥವಾ ಆಯಿಲ್ ಒತ್ತಡವೇ ಇಲ್ಲ.

ಹಾಗಾಗಿ ಮೊದಲು ಡಿಪ್‌ಸ್ಟಿಕ್ ತೆಗೆದು ನೋಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು. ಈ ಎಂಜಿನ್ನಿಗೆ ಹಿಡಿಯುವುದೇ 3 ಲೀಟರ್ ಆಸುಪಾಸು, ಅದರಲ್ಲಿ ಒಂದು ಲೀಟರ್ ಕಮ್ಮಿಯಾದರೆ ಮೂರರಲ್ಲಿ ಒಂದು ಪಾಲು ಹೋಯಿತು. ಲೈಟು ಹತ್ತಿಲ್ಲ ಅಂತ ಸಮಾಧಾನ ಪಡಬೇಡಿ. ಆ ಲೈಟಿನ ಸ್ವಿಚ್ಚು ಹೆಚ್ಚಿನ ಗಾಡಿಗಳಲ್ಲಿ ಅರ್ಧ ಬಾರ್‌ಗಿಂತಲೂ ಕೆಳಗೆ ಒತ್ತಡ ಬಿದ್ದಾಗ ಹತ್ತುವುದು. ಅಷ್ಟರಲ್ಲಿ ಬೇರಿಂಗಿಗೆ ಆಗುವ ಹಾನಿ ಆಗಿ ಮುಗಿದಿರ್ತದೆ.

ಆಮೇಲೆ ಇವಿಷ್ಟು ನೋಡಿ ಬರೆಯಿರಿ. ಟರಟರ ಅನ್ನುವಾಗ ಕ್ಲಚ್ ಪೂರ್ತಿ ಒತ್ತಿದರೆ ಏನಾಗ್ತದೆ? ಎಸಿ ಹಾಕಿದರೆ? ಹೆಡ್‌ಲೈಟು, ಬ್ಲೋವರ್, ಹಿಂದಿನ ಗ್ಲಾಸಿನ ಹೀಟರ್ ಎಲ್ಲಾ ಒಟ್ಟಿಗೆ ಹಾಕಿದರೆ? ಘಾಟಿ ಏರುವಾಗ ಮೂರನೇ ಗೇರಲ್ಲಿ 1500ರಿಂದ ಪೂರ್ತಿ ತುಳಿದರೆ ಒಳಗಿಂದ ದಪ್ಪ ‘ಧಡ್ ಧಡ್’ ಬರ್ತದಾ? ಈ ಕೊನೆಯದ್ದು ಬಂದರೆ ಅಲ್ಲೇ ನಿಲ್ಲಿಸಿ, ಗಾಡಿ ಎಳೆಸಿಕೊಂಡು ಹೋಗಿ. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋದರೆ ಲೋಡಿನಲ್ಲೇ ಹೆಚ್ಚು ಬಡಿಯುವುದು. ಅದಾದರೆ ಮಾತ್ರ ನಿಮ್ಮ ಗ್ಯಾರೇಜಿನವರು ಹೇಳಿದ 70 ಸಾವಿರದ ಮಾತು.

ಸಕಲೇಶಪುರ_ಎಸ್ಟೇಟ್

ಕ್ಲಚ್ ಪರೀಕ್ಷೆಗೆ ಒಂದು ಮಾತು ಸೇರಿಸ್ತೀನಿ. ಕ್ಲಚ್ ಒತ್ತಿದಾಗ ಸದ್ದು ಹೋದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಕಡೆ ನೋಡಬೇಕು. ಡ್ಯುಯಲ್ ಮಾಸ್ ಫ್ಲೈವೀಲ್ ಇರೋ ಗಾಡಿಯಾದರೆ ಅದನ್ನೂ. ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಎರಡೂ ಗೇರ್‌ಬಾಕ್ಸ್ ಕಡೆ, ಅಂದರೆ ಈ ಗಾಡಿಯಲ್ಲಿ ಎಡಗಡೆ. ನಿಮ್ಮದು ಡ್ರೈವರ್ ಕಡೆಯಿಂದ ಬರ್ತಿದೆ ಅಂದಿದ್ದೀರಿ, ಹಾಗಾಗಿ ಇದು ಇರಲಿಕ್ಕಿಲ್ಲ. ಆದರೂ ಕಾಸು ಖರ್ಚಿಲ್ಲದ ಪರೀಕ್ಷೆ, ಮಾಡಿಬಿಡಿ.

ಇನ್ನೊಂದು. ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್ ತಗಡು ಅಲ್ಲಾಡಿಸಿ ನೋಡಿದ್ದೀರಾ? ತೋಟದ ರಸ್ತೆಯಲ್ಲಿ ಓಡಾಡಿ ನನ್ನ ಜೀಪಿನಲ್ಲಿ ಅದರ ಬೋಲ್ಟ್ ತುಕ್ಕು ಹಿಡಿದು ತುಂಡಾಗಿತ್ತು. ಐಡ್ಲಿಂಗಲ್ಲಿ ಎಂಜಿನ್ನೇ ಒಡೆದುಹೋಗ್ತಿದೆ ಅನ್ನೋ ಹಾಗೆ ಸದ್ದು. ಒಂದು ಹೋಸ್ ಕ್ಲಿಪ್ಪಿನಲ್ಲಿ ಮುಗಿಯಿತು.

ಪೀಣ್ಯ_ಎಂಜಿನಿಯರ್

ರೆಕಾರ್ಡಿಂಗ್ ಡೌನ್‌ಲೋಡ್ ಮಾಡಿ ನೋಡಿದೆ. ಹಾಸನದವರೇ, ಫೋನಿನ ವಾಯ್ಸ್ ರೆಕಾರ್ಡರ್ ಬೇಡ. ಅದು ಮನುಷ್ಯರ ಮಾತಿಗೆ ಮಾಡಿದ್ದು, ಒಂದೇ ಸಮ ಬರೋ ಸದ್ದನ್ನ ಗಲಾಟೆ ಅಂತ ತಿಳಿದು ತಾನೇ ಕಮ್ಮಿ ಮಾಡಿಬಿಡುತ್ತೆ. ವಿಡಿಯೊ ಮಾಡಿದರೆ ಸ್ವಲ್ಪ ವಾಸಿ. ನಾಯ್ಸ್ ರಿಡಕ್ಷನ್ ಆಫ್ ಮಾಡೋಕೆ ಬರೋ ಆ್ಯಪ್ ಇದ್ದರೆ ಇನ್ನೂ ವಾಸಿ. ಟ್ಯಾಕೋಮೀಟರ್ ಕಾಣೋ ಹಾಗೆ ಒಂದು, ಬಾನೆಟ್ ಎತ್ತಿ ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು ಬೇಕು.

ಯಾಕೆ ಕೇಳ್ತಿದ್ದೀನಿ ಅಂದರೆ, ಸದ್ದು ಸೆಕೆಂಡಿಗೆ ಎಷ್ಟು ಸಲ ಅನ್ನೋದು ತುಂಬಾ ಹೇಳುತ್ತೆ. ಐಡ್ಲಿಂಗ್ 840 ಆರ್‌ಪಿಎಂ ಅಂತ ಇಟ್ಕೊಳ್ಳಿ. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸೋ ಮುಖ್ಯ ಶಾಫ್ಟ್, ಸೆಕೆಂಡಿಗೆ 14 ಸುತ್ತು. ಫೋರ್ ಸ್ಟ್ರೋಕ್ ಆದ್ದರಿಂದ ವಾಲ್ವ್ ತೆರೆಯೋ ಕ್ಯಾಮ್‌ಶಾಫ್ಟ್ ಅದರ ಅರ್ಧ, 7 ಸುತ್ತು. ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 7 ಸಲ ಉರಿಯೋದು. ಒಂದೇ ಇಂಜೆಕ್ಟರ್ ಅಥವಾ ಒಂದೇ ಟ್ಯಾಪೆಟ್ ಕೆಟ್ಟರೆ ಸೆಕೆಂಡಿಗೆ 7 ಟಿಕ್. ಕ್ರ್ಯಾಂಕ್ ಜೊತೆ ಸುತ್ತೋದು ಸಡಿಲಾದರೆ 14. ಚೈನ್ ಹಲ್ಲುಗಳು ಕೂಡೋ ಸದ್ದೂ ಕ್ರ್ಯಾಂಕಿನ ಪೂರ್ಣಾಂಕ ಗುಣಕವೇ. ಎಂಜಿನ್ನಿನೊಳಗಿನ ಯಾವ ಹಲ್ಲೂ ಈ ಲೆಕ್ಕ ಬಿಟ್ಟು ಸುತ್ತಕ್ಕಾಗಲ್ಲ.

ಹೊರಗಿನ ಬೆಲ್ಟಿನ ಪುಲ್ಲಿಗಳಿಗೆ ಆ ಕಟ್ಟುಪಾಡಿಲ್ಲ. ಪುಲ್ಲಿ ಎಷ್ಟು ದಪ್ಪ ಅನ್ನೋದರ ಮೇಲೆ ಅದರ ವೇಗ. ಅದರ ಬೇರಿಂಗಿನ ಗುಂಡುಗಳ ಸದ್ದಂತೂ ಇನ್ನೂ ಅಡ್ಡಾದಿಡ್ಡಿ ಸಂಖ್ಯೆ. ನೀವು ಹಾಕಿದ ರೆಕಾರ್ಡಿಂಗ್ ಕಳಪೆ, ಆದರೂ ಅದರಲ್ಲಿ ಟರಟರ 7ಕ್ಕೂ 14ಕ್ಕೂ ಕೂಡ್ತಿಲ್ಲ. ಗ್ಯಾರಂಟಿ ಕೊಡಲ್ಲ. ಒಳ್ಳೆ ರೆಕಾರ್ಡಿಂಗ್ ಕಳಿಸಿ.

ಹುಬ್ಬಳ್ಳಿ_ಟ್ಯಾಕ್ಸಿ

ಸರ್, ನಾವ್ ಕಿವೀಲೆ ಕೇಳ್ತೀವಿ, ನೀವು ಲೆಕ್ಕ ಮಾಡ್ತೀರಿ. ಮುಂಜಾನಿ ಕರ್‌ರ್ ಮಾತ್ರ ಚೈನ್ ಐತಿ, ಅದರಾಗ ಎರಡ್ ಮಾತಿಲ್ಲ.

ಹಾಸನ_ಹೈವೇ

ಎಲ್ಲರಿಗೂ ಥ್ಯಾಂಕ್ಸ್. ಆಯಿಲ್ ಲೆವೆಲ್ ಎರಡು ಗುರುತಿನ ಮಧ್ಯೆ ಇದೆ, ಬಣ್ಣ ಕಪ್ಪು, ಆದರೆ ಬೆರಳಲ್ಲಿ ಉಜ್ಜಿದರೆ ಕಣ ಸಿಗಲ್ಲ. ಕ್ಲಚ್ ಒತ್ತಿದರೆ ಏನೂ ವ್ಯತ್ಯಾಸ ಇಲ್ಲ. ಎಸಿ ಹಾಕಿದರೆ ಟರಟರ ಸ್ವಲ್ಪ ಜಾಸ್ತಿ ಆಗುತ್ತೆ, ಲೈಟು ಬ್ಲೋವರ್ ಎಲ್ಲಾ ಹಾಕಿದಾಗಲೂ ಅಷ್ಟೇ, ಒಂಚೂರು ಜಾಸ್ತಿ. ಶಿರಾಡಿ ಏರುವಾಗ ಪೂರ್ತಿ ತುಳಿದೆ, ದಪ್ಪ ಸದ್ದು ಯಾವುದೂ ಬರಲಿಲ್ಲ, ಸಲೀಸಾಗಿ ಎಳೀತು. ಹೀಟ್ ಶೀಲ್ಡ್ ಗಟ್ಟಿ ಇದೆ ಮೇಡಂ. ಹೊಸ ವಿಡಿಯೊ ಮೂರು ಹಾಕಿದ್ದೀನಿ.

ರಾಮನಗರ_ರೋಡ್

ಅಣ್ಣ, ಒಂದು ಸುಲಭ ಉಪಾಯ ಇದೆ. ನಮ್ಮಪ್ಪನ ಕಾಲದ ಮೇಸ್ತ್ರಿಗಳು ಮಾಡ್ತಿದ್ದದ್ದು. ಎಂಜಿನ್ ಓಡ್ತಿರುವಾಗ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟು ಅರ್ಧ ಸುತ್ತು ಸಡಿಲ ಮಾಡಿ. ಯಾವ ಸಿಲಿಂಡರ್ ಬಿಟ್ಟಾಗ ಸದ್ದು ನಿಲ್ಲುತ್ತೋ ಅದರಲ್ಲೇ ತೊಂದರೆ.

ಪುತ್ತೂರು_ವರ್ಕ್‌ಶಾಪ್

ಬೇಡ. ಖಂಡಿತ ಬೇಡ. ಅಡ್ಮಿನ್, ಮೇಲಿನ ಸಲಹೆಗೆ ಒಂದು ಎಚ್ಚರಿಕೆ ಹಾಕಿ ದಯವಿಟ್ಟು.

ತಮ್ಮಾ, ನಿಮ್ಮ ತಂದೆಯವರ ಕಾಲದ್ದು ಸರಿಯೇ, ನಾನೂ ಹಾಗೇ ಕಲಿತವ. ಆಗ ಇದ್ದದ್ದು ಲೈನ್ ಪಂಪು, ರೋಟರಿ ಪಂಪು. ನಾಜಲ್ ತೆರೆಯುತ್ತಿದ್ದದ್ದೇ 200 ಬಾರ್ ಆಸುಪಾಸಿನಲ್ಲಿ. ಆ ಒತ್ತಡವೂ ಆಯಾ ಸಿಲಿಂಡರಿನ ಸರದಿ ಬಂದಾಗ ಮಾತ್ರ. ನಟ್ಟು ಸಡಿಲ ಮಾಡಿದರೆ ಡೀಸೆಲ್ ಜಿನುಗ್ತಿತ್ತು, ಅಷ್ಟೆ. ಈಗಿನ ಕಾಮನ್‌ರೇಲ್ ಹಾಗಲ್ಲ, ಎಲ್ಲಾ ಇಂಜೆಕ್ಟರಿಗೂ ರೇಲ್ ಅನ್ನುವ ಒಂದೇ ದಪ್ಪ ಪೈಪಿನಿಂದ ಡೀಸೆಲ್ ಹೋಗುವುದು. ರೇಲಿನೊಳಗೆ ಐಡ್ಲಿಂಗಲ್ಲೂ ಸುಮಾರು 250 ಬಾರ್ ಸದಾ ತುಂಬಿಕೊಂಡೇ ಇರ್ತದೆ, ತುಳಿದರೆ 1600ರ ತನಕ ಹೋಗ್ತದೆ. ಆ ಒತ್ತಡದಲ್ಲಿ ಕಣ್ಣಿಗೆ ಕಾಣದ ಸಣ್ಣ ಧಾರೆ ಕೈಗೆ ತಾಗಿದರೂ ಚರ್ಮ ತೂರಿ ಒಳಗೆ ಹೋಗ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುವುದು, ಒಳಗೆ ಮಾಂಸ ಸಾಯ್ತದೆ. ಬೆರಳು ಕತ್ತರಿಸಬೇಕಾಗಿ ಬರಬಹುದು. ಅಂಥದ್ದು ಆದರೆ ನೋವಿಲ್ಲ ಅಂತ ಮನೆಗೆ ಹೋಗದೆ ನೇರ ಆಸ್ಪತ್ರೆಗೆ ಹೋಗಿ, ಒಳಗೆ ಡೀಸೆಲ್ ಹೋಗಿದೆ ಅಂತ ಡಾಕ್ಟರಿಗೆ ಹೇಳಬೇಕು.

ಕಾಮನ್‌ರೇಲ್ ಕಾರಿಗೆ ಬಂದದ್ದು 1997ರಲ್ಲಿ, ಆಲ್ಫಾ ರೋಮಿಯೊ 156ರಲ್ಲಿ. ಇಟಲಿಯ ಫಿಯಟ್‌ನವರು ರೂಪಿಸಿ, ಕಾರ್ಖಾನೆಯಲ್ಲಿ ಮಾಡುವ ಕೆಲಸ ಬಾಷ್‌ಗೆ ಕೊಟ್ಟದ್ದು. ಈಗ ನಾವು ಮಾತಾಡ್ತಿರುವ 1.3 ಕೂಡ ಅದೇ ಮನೆಯದ್ದು, 1248 ಸಿಸಿ, 2003ರಲ್ಲಿ ಬಂತು. ಅದರ ವಿಶೇಷವೇ ಒಂದು ಸಲದ ಡೀಸೆಲನ್ನು ಹಲವು ಸಣ್ಣ ಪಾಲು ಮಾಡಿ ಹೊಡೆಯುವುದು. ಮೊದಲ ಸಣ್ಣ ಪಾಲು ಉರಿ ಹಿಡಿಸ್ತದೆ, ಆಮೇಲೆ ಉಳಿದದ್ದು. ಅದಕ್ಕೇ ಹಳೇ ಡೀಸೆಲಿನಷ್ಟು ಟಣಟಣ ಇಲ್ಲ. ಇಂಜೆಕ್ಟರ್ ಸವೆದು ಆ ಮೊದಲ ಪಾಲು ತಪ್ಪಿದರೆ ಹಳೇ ಟಣಟಣ ವಾಪಸ್ ಬರ್ತದೆ.

ಇಂಜೆಕ್ಟರ್ ಮೇಲೆ ಅನುಮಾನ ಇದ್ದರೆ ದಾರಿ ಬೇರೆ ಉಂಟು. ಸ್ಕ್ಯಾನರ್ ಹಾಕಿ ಒಂದೊಂದು ಸಿಲಿಂಡರಿಗೂ ಕಂಪ್ಯೂಟರ್ ಎಷ್ಟು ಸರಿದೂಗಿಸ್ತಿದೆ ಅಂತ ನೋಡಬಹುದು. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪು ನಾಲ್ಕು ಸೀಸೆಗೆ ಬಿಟ್ಟು ಯಾವುದರಲ್ಲಿ ಜಾಸ್ತಿ ತುಂಬ್ತದೆ ಅಂತ ನೋಡಬಹುದು. ಅದರಲ್ಲಿ ಒತ್ತಡ ಇರುವುದಿಲ್ಲ. ಕನೆಕ್ಟರ್ ಕಳಚಿ ನೋಡುವುದಾದರೆ ಎಂಜಿನ್ ಆಫ್ ಮಾಡಿಯೇ ಕಳಚಬೇಕು, ಅಲ್ಲಿ ಬರುವುದು ಬ್ಯಾಟರಿಯ 12 ವೋಲ್ಟ್ ಅಲ್ಲ, ಅದಕ್ಕಿಂತ ಬಹಳ ಜಾಸ್ತಿ. ಇಂಜೆಕ್ಟರ್ ಬುಡದ ತಾಮ್ರದ ವಾಷರ್ ಸೋರಿದರೆ ‘ಚಫ್ ಚಫ್’ ಅಂತ ಗಾಳಿ ಹೊಡೆಯುವ ಸದ್ದು, ಸುತ್ತ ಡಾಂಬರಿನಂಥ ಕಪ್ಪು ಮಸಿ. ಹಾಸನದವರ ವಿಡಿಯೊದಲ್ಲಿ ಅದು ಕಾಣ್ತಾ ಇಲ್ಲ.

ಅಡ್ಮಿನ್

ಎಚ್ಚರಿಕೆ ಸೇರಿಸಲಾಗಿದೆ. ಕಾಮನ್‌ರೇಲ್ ಎಂಜಿನ್ ಓಡುತ್ತಿರುವಾಗ ಡೀಸೆಲ್ ಪೈಪುಗಳಿಗೆ ಯಾರೂ ಸ್ಪ್ಯಾನರ್ ಹಾಕಬೇಡಿ.

ರಾಮನಗರ_ರೋಡ್

ಸರಿ ಸರ್, ಗೊತ್ತಿರಲಿಲ್ಲ. ನಮ್ಮನೇಲಿ ಇನ್ನೂ ಹಳೇ ಟ್ರ್ಯಾಕ್ಟರ್ ಇದೆ, ಅದಕ್ಕೆ ಹಂಗೇ ಮಾಡ್ತೀವಿ.

ಮಂಡ್ಯ_ಮೈಲೇಜ್

ಇಷ್ಟೆಲ್ಲಾ ಯಾಕೆ, 20ಡಬ್ಲ್ಯೂ-50 ದಪ್ಪ ಆಯಿಲ್ ಹಾಕ್ಸಿ, ಸೌಂಡು ಮಾಯ. ನಮ್ಮ ಕಡೆ ಎಲ್ಲಾ ಹಳೇ ಗಾಡಿಗೂ ಅದೇ ಹಾಕೋದು.

ಪೀಣ್ಯ_ಎಂಜಿನಿಯರ್

ಬಿಸಿ ಎಂಜಿನ್ನಲ್ಲಿ ಸದ್ದು ಸ್ವಲ್ಪ ಮುಚ್ಚಿಹೋಗಬಹುದು, ಒಪ್ತೀನಿ. ಆದರೆ ಹಾಸನದವರ ಮುಖ್ಯ ತೊಂದರೆ ತಣ್ಣನೆ ಸ್ಟಾರ್ಟಿಂದು. ಟೆನ್ಶನರಿಗೆ ಆಯಿಲ್ ಬೇಗ ತಲುಪಲಿ ಅಂತ ಬಯಸೋ ಎಂಜಿನ್ನಿಗೆ ದಪ್ಪ ಆಯಿಲ್ ಹಾಕಿದರೆ ಅದು ಇನ್ನೂ ತಡವಾಗಿ ತಲುಪುತ್ತೆ. ಹಾಸನದ ಡಿಸೆಂಬರ್ ಬೆಳಿಗ್ಗೆಗಂತೂ ಬೇಡವೇ ಬೇಡ. ಮ್ಯಾನುವಲ್ಲಲ್ಲಿ ಯಾವ ಗ್ರೇಡ್ ಇದೆಯೋ ಅದನ್ನೇ ಹಾಕಿ. ಸೆಕೆಂಡ್ ಹ್ಯಾಂಡ್ ಗಾಡಿ ಮಾರೋರು ದಪ್ಪ ಆಯಿಲ್ ಹಾಕಿ ಎಂಜಿನ್ ಬಿಸಿ ಮಾಡಿಟ್ಟೇ ತೋರಿಸೋದು ಸುಮ್ಮನೆ ಅಲ್ಲ. ತಗೊಳ್ಳೋರು ಯಾವಾಗಲೂ ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿಸಿ ಕೇಳಬೇಕು.

ಈಗ ವಿಷಯಕ್ಕೆ ಬರ್ತೀನಿ. ಹೊಸ ವಿಡಿಯೊ ಮೂರೂ ನೋಡಿದೆ. ಬಲಗಡೆ ನಿಂತಾಗ ಟರಟರ ಸ್ಪಷ್ಟ ಜಾಸ್ತಿ. ಟ್ಯಾಕೋಮೀಟರ್ ಜೊತೆ ಹೋಲಿಸಿ ನೋಡಿದರೂ ಕ್ರ್ಯಾಂಕಿನ ಲೆಕ್ಕಕ್ಕೆ ಅದು ಸಿಗ್ತಿಲ್ಲ. ಲೈಟು, ಎಸಿ ಹಾಕಿದಾಗ ಜಾಸ್ತಿ ಆಗುತ್ತೆ ಅಂದಿರಲ್ಲ, ಆಗ ಬೆಲ್ಟಿನ ಮೇಲೆ ಎಳೆತ ಜಾಸ್ತಿ ಆಗುತ್ತೆ. ನನ್ನ ಅನುಮಾನ ಬೆಲ್ಟಿನ ದಾರಿಯಲ್ಲಿರೋ ಯಾವುದೋ ಒಂದು ಬೇರಿಂಗ್: ಆಲ್ಟರ್ನೇಟರ್, ಐಡ್ಲರ್ (ಬೆಲ್ಟಿಗೆ ದಾರಿ ಕೊಡೋ ಬರೀ ಪುಲ್ಲಿ), ಬೆಲ್ಟ್ ಟೆನ್ಶನರ್ ಪುಲ್ಲಿ, ವಾಟರ್ ಪಂಪ್, ಎಸಿ ಪುಲ್ಲಿ, ಇವುಗಳಲ್ಲಿ ಯಾವುದಾದರೂ. ತಣ್ಣನೆ ಕರ್‌ರ್ ಬೇರೆ, ಅದು ಕ್ರ್ಯಾಂಕ್ ಜೊತೆ ಸರಿಯಾಗಿ ಕೂಡ್ತಿದೆ.

ಪುತ್ತೂರು_ವರ್ಕ್‌ಶಾಪ್

ಹಾಗಾದರೆ ಬೆಲ್ಟು ತೆಗೆದು ಸ್ಟಾರ್ಟ್ ಮಾಡಿ ನೋಡುವುದೇ ನೇರ ದಾರಿ. ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಇರಲಿ. ಬೆಲ್ಟು ಬಿಚ್ಚುವ ಮೊದಲು ಅದು ಹೇಗೆ ಸುತ್ತಿಕೊಂಡಿದೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ತಣ್ಣಗಿನ ಎಂಜಿನ್ನಲ್ಲಿ ಮಾಡಿ. ಈ ಎಂಜಿನ್ನಲ್ಲಿ ವಾಟರ್ ಪಂಪೂ ಇದೇ ಬೆಲ್ಟಿನಿಂದ ಓಡುವುದು, ಹಾಗಾಗಿ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಬ್ಯಾಟರಿ ಲೈಟು ಹತ್ತುತ್ತದೆ, ಹೆದರಬೇಡಿ. ಟರಟರ ನಿಂತರೆ ಎಂಜಿನ್ ಹೊರಗಿನ ಕತೆ. ನಿಲ್ಲದಿದ್ದರೆ ಒಳಗಿನದ್ದು.

ನಿಂತಿತು ಅಂತಾದರೆ ಎಂಜಿನ್ ಆಫ್ ಮಾಡಿ ಒಂದೊಂದೇ ಪುಲ್ಲಿ ಕೈಯಲ್ಲಿ ತಿರುಗಿಸಿ. ಒಳ್ಳೆ ಬೇರಿಂಗು ಗ್ರೀಸಿನ ಹಿಡಿತದಲ್ಲಿ ನಿಧಾನ ತಿರುಗಿ ನಿಲ್ತದೆ. ಕೆಟ್ಟದ್ದು ಒಣಗಿ ಸರ್ರನೆ ತಿರುಗ್ತದೆ, ಇಲ್ಲವಾದರೆ ಬೆರಳಿಗೆ ಕರಕರ ತಾಗ್ತದೆ. ಹಿಡಿದು ಅಲ್ಲಾಡಿಸಿದರೆ ಆಟ ಇರಬಾರದು.

ಬೆಲ್ಟ್ ತೆಗೆಯುವ ಮೊದಲು ಉದ್ದ ಸ್ಕ್ರೂಡ್ರೈವರ್ ಕಿವಿಯ ಮುಂದಿನ ಎಲುಬಿಗೆ ಇಟ್ಟು, ತುದಿಯನ್ನು ಪುಲ್ಲಿಯ ಮಧ್ಯದ ಬೋಲ್ಟಿಗೆ, ಚೈನ್ ಕವರಿಗೆ, ಆಲ್ಟರ್ನೇಟರ್ ಬಾಡಿಗೆ ಇಟ್ಟು ಕೇಳಿದರೂ ಬಹಳ ತಿಳೀತದೆ. ಶರ್ಟಿನ ತೋಳು, ಲುಂಗಿ, ಶಾಲು ಬೆಲ್ಟಿನ ಹತ್ತಿರ ಬರದಂತೆ ನೋಡಿಕೊಳ್ಳಿ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗ್ತದೆ, ಅದರ ಹತ್ತಿರ ಕೈ ಬೇಡ.

ಹಳೇ_ಮಾಡೆಲ್

ಇಷ್ಟು ಕಷ್ಟಪಡೋ ಬದಲು ದೆಹಲಿ ಗಾಡಿ ಒಂದು ತಗೋಬಹುದು. ಅಲ್ಲಿ ಹಳೇ ಡೀಸೆಲ್ ಗಾಡಿಗೆ ಕಡಿವಾಣ ಬಿದ್ದಮೇಲೆ ಅಗ್ಗಕ್ಕೆ ಬರ್ತಾವೆ.

ಸಕಲೇಶಪುರ_ಎಸ್ಟೇಟ್

ಆ ಗಾಡಿಗಳ ಮೀಟರ್ ಎಷ್ಟು ನಂಬ್ತೀರಿ? ಎನ್‌ಒಸಿ, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್, ರೀ ರಿಜಿಸ್ಟ್ರೇಷನ್ ಅಂತ ಓಡಾಡಿ ಮುಗಿಸೋ ಹೊತ್ತಿಗೆ ಆ ಅಗ್ಗ ಎಲ್ಲಿ ಉಳಿಯುತ್ತೆ? ಗೊತ್ತಿರೋ ಗಾಡಿಯ ಗೊತ್ತಿರೋ ಸದ್ದೇ ಮೇಲು.

ಹಾಸನ_ಹೈವೇ

ಬೆಲ್ಟ್ ತೆಗೆಸಿದೆ. ಈ ಸಲ ಬೇರೆ ಮೆಕ್ಯಾನಿಕ್, ಚನ್ನರಾಯಪಟ್ಟಣ ರಸ್ತೆ ಕಡೆ ಒಬ್ಬರು, ತಾಳ್ಮೆ ಇರೋ ಮನುಷ್ಯ. ಮೊದಲು ಸ್ಕ್ರೂಡ್ರೈವರ್ ಇಟ್ಟು ಕೇಳಿದ್ರು, ನನಗೂ ಕೇಳಿಸಿದ್ರು. ಚೈನ್ ಕವರ್ ಮೇಲೆ ಇಟ್ಟಾಗ ಸಣ್ಣ ಸದ್ದು, ಐಡ್ಲರ್ ಬೋಲ್ಟ್ ಮೇಲೆ ಇಟ್ಟಾಗ ಕಿವಿ ಹಾರಿಹೋಗೋಷ್ಟು ಟರಟರ.

ಬೆಲ್ಟ್ ತೆಗೆದು ಸ್ಟಾರ್ಟ್ ಮಾಡಿದರೆ ಟರಟರ ಪೂರ್ತಿ ನಿಂತಿತ್ತು. ಐಡ್ಲರ್ ಕೈಯಲ್ಲಿ ತಿರುಗಿಸಿದರೆ ನಿಲ್ಲೋದೇ ಇಲ್ಲ, ಗ್ರೀಸ್ ಒಂದು ತೊಟ್ಟೂ ಉಳಿದಿಲ್ಲ, ಅಲ್ಲಾಡಿಸಿದರೆ ಆಟಾನೂ ಇದೆ. ಉಳಿದ ಪುಲ್ಲಿಗಳು ಪರವಾಗಿಲ್ಲ. ಐಡ್ಲರ್ ಮತ್ತೆ ಬೆಲ್ಟ್ ಎರಡೂ ಹೊಸದು ಹಾಕಿಸಿದೆ, ಕೂಲಿ ಸೇರಿ 3 ಸಾವಿರದೊಳಗೆ ಆಯ್ತು. ಐಡ್ಲಿಂಗ್ ಈಗ ನುಣ್ಣಗಿದೆ.

ಆದರೆ ಬೆಳಿಗ್ಗೆ ಕರ್‌ರ್ ಹಾಗೇ ಇದೆ. ನಿಜ ಹೇಳಬೇಕಂದರೆ ಟರಟರ ಹೋದ ಮೇಲೆ ಇದು ಇನ್ನೂ ಸ್ಪಷ್ಟವಾಗಿ ಕೇಳ್ತಿದೆ. ಇದಕ್ಕೆ ಈಗಲೇ ಕೈ ಹಾಕಬೇಕಾ, ಸ್ವಲ್ಪ ದಿನ ಓಡಿಸಬಹುದಾ?

ಹುಬ್ಬಳ್ಳಿ_ಟ್ಯಾಕ್ಸಿ

ನಾ ಹೇಳಿದ್ನಲ್ರಿ. ಈಗ ಬಂತು ನೋಡ್ರಿ ಚೈನ್ ಸರದಿ.

ಮುಂದಕ ಹಾಕಬ್ಯಾಡ್ರಿ. ಚೈನ್ ಒಂದ್ ಹಲ್ಲ ಜಿಗದ್ರ ಪಿಸ್ಟನ್ನು ವಾಲ್ವಿಗೆ ಹೊಡೀತೈತಿ. ರಾಕರ್ ಮುರೀತಾವ, ವಾಲ್ವ್ ಬಾಗ್ತಾವ, ಹೆಡ್ ಬಿಚ್ಚೂದ. ಅವಾಗ ಆ ಗ್ಯಾರೇಜಿನವ ಹೇಳಿದ 70 ಸಾವಿರ ಖರೇ ಆಗ್ತೈತಿ. ಕೆಲಸ ಆಗೂತನಕ ಮೂರು ಮಾತು ನೆನಪಿಡ್ರಿ. ಒಂದ್, ಗಾಡಿ ನೂಕಿ ಸ್ಟಾರ್ಟ್ ಮಾಡಬ್ಯಾಡ್ರಿ. ಎರಡ್, ಇಳಿಜಾರಿನ್ಯಾಗ ಬರೇ ಗೇರ್ ಮ್ಯಾಲ ನಿಲ್ಲಸಬ್ಯಾಡ್ರಿ, ಹ್ಯಾಂಡ್ ಬ್ರೇಕ್ ಎಳೀರಿ. ಗಾಡಿ ಜಗ್ಗಿ ಎಂಜಿನ್ ಉಲ್ಟಾ ತಿರಗಿದ್ರ ಸಡ್ಲ ಚೈನ್ ಜಿಗೀತೈತಿ. ಮೂರ್, ಸ್ಟಾರ್ಟ್ ಆದ ಕೂಡ್ಲೆ ರೇಸ್ ಕೊಡಬ್ಯಾಡ್ರಿ, ಸದ್ದ ನಿಂತ ಮ್ಯಾಲ ಹೊಂಡ್ರಿ.

ಪುತ್ತೂರು_ವರ್ಕ್‌ಶಾಪ್

ಇವರು ಹೇಳಿದ ಗೇರಿನ ವಿಷಯ ಬಹಳ ಮೆಕ್ಯಾನಿಕ್‌ಗಳಿಗೂ ಗೊತ್ತಿಲ್ಲ. ಒಳ್ಳೆ ಮಾತು.

ಚೈನಿಗೆ ಕೈ ಹಾಕುವ ಮೊದಲು ಆಯಿಲ್ ಒತ್ತಡ ಗೇಜಿನಲ್ಲಿ ನೋಡಿಸಿ. ಆಯಿಲ್ ಸ್ವಿಚ್ಚು ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕುವುದು, ಹೆಚ್ಚು ಹೊತ್ತಿನ ಕೆಲಸ ಅಲ್ಲ. ಬಿಸಿ ಎಂಜಿನ್ನಲ್ಲಿ ಐಡ್ಲಿಂಗಲ್ಲಿ 1 ಬಾರ್‌ಗಿಂತ ಕೆಳಗೆ ಬಂದರೆ ಚೈನ್ ಹಾಕಿ ಪ್ರಯೋಜನ ಇಲ್ಲ, ಹೊಸ ಟೆನ್ಶನರೂ ಸಡಿಲವೇ ನಿಲ್ತದೆ. ಮೊದಲು ಒತ್ತಡ ಎಲ್ಲಿ ಸೋರುತ್ತದೆ ಅಂತ ಹುಡುಕಬೇಕು. ಒತ್ತಡ ಸರಿ ಇದ್ದರೆ ಬೇರಿಂಗು, ಪಂಪು ಎರಡರ ಮೇಲೂ ಅರ್ಧ ಚಿಂತೆ ಕಳೆಯಿತು.

ಕೆಲಸ ಮಾಡಿಸುವಾಗ ಲಾಕಿಂಗ್ ಪಿನ್ ಸೆಟ್ ಇದೆಯಾ ಅಂತ ಕೇಳಿ. ಕ್ರ್ಯಾಂಕ್, ಕ್ಯಾಮ್ ಎರಡನ್ನೂ ಪಿನ್ನಿನಲ್ಲಿ ಹಿಡಿದೇ ಚೈನ್ ಕೂರಿಸಬೇಕು. ವೈಟ್‌ನರಲ್ಲಿ ಗುರುತು ಹಾಕಿ ಕೂರಿಸ್ತೇನೆ ಅಂದರೆ ಗಾಡಿ ತೆಗೆದುಕೊಂಡು ವಾಪಸ್ ಬನ್ನಿ. ಚೈನ್ ಒಂದೇ ಹಾಕಬೇಡಿ. ಟೆನ್ಶನರ್, ಚೈನ್ ಜಾರುವ ಎರಡೂ ಗೈಡ್, ಸ್ಪ್ರಾಕೆಟ್, ಮುಂದಿನ ಕ್ರ್ಯಾಂಕ್ ಸೀಲ್ ಎಲ್ಲಾ ಒಟ್ಟಿಗೆ ಹಾಕಿಸಿ. ಎಂಜಿನ್ ಕೆಳಗಿಳಿಸಬೇಕಿಲ್ಲ. ಬಲಗಡೆ ಮೌಂಟ್ ಬಿಚ್ಚಿ, ಎಂಜಿನ್ನಿಗೆ ಅಡಿಯಿಂದ ಆಧಾರ ಕೊಟ್ಟು ಕವರ್ ತೆಗೀತಾರೆ. ಸಂಪ್, ಅಂದರೆ ಅಡಿಯ ಆಯಿಲ್ ತಟ್ಟೆ, ಹೇಗೂ ಬಿಚ್ಚಬೇಕು, ಆಗ ಸ್ಟ್ರೈನರ್ ಜಾಲರಿಯಲ್ಲಿ ಏನು ಕೂತಿದೆ ನೋಡಿ. ಮಿರುಗುವ ಚೂರು ಇದ್ದರೆ ಫೋಟೊ ಹಾಕಿ.

ಹಾಸನ_ಹೈವೇ

ಅಪ್‌ಡೇಟ್. ಬಿಸಿ ಎಂಜಿನ್ನಲ್ಲಿ ಐಡ್ಲಿಂಗ್ ಒತ್ತಡ 1.4 ಬಾರ್, 2500ರಲ್ಲಿ 3.5 ಹತ್ತಿರ. ಅದೇ ಮೆಕ್ಯಾನಿಕ್ ಹತ್ತಿರ ಚೈನ್ ಕೆಲಸ ಮಾಡಿಸಿದೆ. ಲಾಕಿಂಗ್ ಸೆಟ್ ಅವರ ಹತ್ತಿರ ಇತ್ತು, ಕೇಳಿದ್ದಕ್ಕೆ ನಕ್ಕು ಡಬ್ಬ ತೆಗೆದು ತೋರಿಸಿದ್ರು.

ಕವರ್ ತೆಗೆದಾಗ ಟೆನ್ಶನರ್ ಪ್ಲಂಜರ್ ಬಹುಪಾಲು ಹೊರಗೆ ಬಂದಿತ್ತು, ಇನ್ನು ಚಾಚೋಕೆ ಜಾಗವೇ ಉಳಿದಿರಲಿಲ್ಲ. ಒಂದು ಗೈಡಿನಲ್ಲಿ ಚೈನ್ ಕೊರೆದ ಎರಡು ಗೀರು, ಉಗುರು ಒಳಗೆ ಹೋಗೋಷ್ಟು ಆಳ. ಹಳೇ ಚೈನು ಹೊಸ ಚೈನು ಪಕ್ಕಪಕ್ಕ ನೇತುಹಾಕಿದ ಫೋಟೊ ಹಾಕಿದ್ದೀನಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಸ್ಟ್ರೈನರಲ್ಲಿ ಕಬ್ಬಿಣದ ಚೂರು ಇರಲಿಲ್ಲ, ಗೈಡ್ ಸವೆದ ಕಪ್ಪು ಪ್ಲಾಸ್ಟಿಕ್ ಪುಡಿ ಮಾತ್ರ ಒಂಚೂರು. ಕಿಟ್, ಆಯಿಲ್, ಸೀಲ್, ಕೂಲಿ ಎಲ್ಲಾ ಸೇರಿ 24 ಸಾವಿರದ ಹತ್ತಿರ.

ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬರೀ ಡೀಸೆಲ್ ಸದ್ದು. ಆದರೆ ಎಲ್ಲಾ ನಿಶ್ಶಬ್ದ ಆದ ಮೇಲೆ ಈಗ ಹೊಸದಾಗಿ ಒಂದು ಸಣ್ಣ ‘ಟಿಕ್ ಟಿಕ್’ ಕೇಳ್ತಿದೆ. ಇದೇನು ಶುರುವಾಯ್ತಪ್ಪ? ವಿಡಿಯೊ ಹಾಕಿದ್ದೀನಿ.

ಪೀಣ್ಯ_ಎಂಜಿನಿಯರ್

ಹೊಸದೇನಲ್ಲ. ಮೊದಲ ವಿಡಿಯೊದಲ್ಲೂ ಇದೆ, ಅಡಿಯಲ್ಲಿ ಮುಚ್ಚಿಹೋಗಿತ್ತು. ಸೆಕೆಂಡಿಗೆ 28 ಹತ್ತಿರ ಬರ್ತಿದೆ, ಅಂದರೆ ನಾಲ್ಕೂ ಸಿಲಿಂಡರ್ ತಲಾ 7. ನಾಲ್ಕೂ ಸಮ, ಯಾವುದೂ ಹೆಚ್ಚು ಕಮ್ಮಿ ಇಲ್ಲ. ಇಂಜೆಕ್ಟರುಗಳು ಕೆಲಸ ಮಾಡೋ ಸದ್ದು ಅದು. ಅದು ನಿಂತರೆ ಚಿಂತೆ ಮಾಡಿ.

ಹಳೇ_ಮಾಡೆಲ್

27 ಸಾವಿರ ಹೋಯ್ತಲ್ಲ. ನನ್ನ ಮಾತು ಕೇಳಿದ್ದರೆ ಗಾಡೀನೂ ಹೋಗ್ತಿತ್ತು ಅನ್ನಿ. ಟರ್ಬೊ ಮಾತ್ರ ನೋಡ್ಕೊಳ್ಳಿ.

ಪುತ್ತೂರು_ವರ್ಕ್‌ಶಾಪ್

ಟರ್ಬೊ ಹೆದರಿಸಬೇಡಿ ಮಾರಾಯ್ರೆ, ಅದರ ಸದ್ದೇ ಬೇರೆ, ಸೈರನ್ ಹೊಡೆದ ಹಾಗೆ ಕೂಗಿ ಹೇಳ್ತದೆ. ಹಾಸನದವರೇ, ಗೈಡಿನ ಪುಡಿ ಸಿಕ್ಕಿದ್ದರಿಂದ ಈಗ ಹಾಕಿದ ಆಯಿಲು, ಫಿಲ್ಟರು ಪೂರ್ತಿ ಅವಧಿ ಓಡಿಸಬೇಡಿ. ಎರಡು ಮೂರು ಸಾವಿರ ಕಿ.ಮೀ.ಗೆ ಒಮ್ಮೆ ಬದಲಾಯಿಸಿಬಿಡಿ, ಹಳೇ ಫಿಲ್ಟರ್ ಬಿಚ್ಚಿ ಮಡಿಕೆಗಳಲ್ಲಿ ಏನಾದರೂ ಕೂತಿದೆಯಾ ನೋಡಿ. ಆಮೇಲೆ 10 ಸಾವಿರಕ್ಕೆ ಒಮ್ಮೆ ತಪ್ಪಿಸಬೇಡಿ.

ರಾಮನಗರ_ರೋಡ್

ಸರ್, ನಮ್ಮ ಗಾಡೀಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಯು ಟರ್ನ್ ಹೊಡೆದರೆ ‘ಟಕ್ ಟಕ್ ಟಕ್’ ಅಂತ ಬರುತ್ತೆ, ನೇರ ಹೋದರೆ ಇಲ್ಲ. ಇದೂ ಚೈನಾ?

ಅಡ್ಮಿನ್

ಅಲ್ಲ, ಆ್ಯಕ್ಸಲ್ಲಿನ ಹೊರಗಿನ ಸಿವಿ ಜಾಯಿಂಟ್ ಇರಬೇಕು. ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯಾ ನೋಡಿ, ಫೋಟೊ ಸಮೇತ ಬೇರೆ ಥ್ರೆಡ್ ಶುರು ಮಾಡಿ. ಇದರ ಶೀರ್ಷಿಕೆಗೆ ‘ಪರಿಹಾರವಾಗಿದೆ’ ಅಂತ ಸೇರಿಸ್ತಿದ್ದೇವೆ.